ಪಾಲಿನ ಎಟಿವಿ: ಸಿಸಿ ಮುಖ್ಯವೋ, ಕ್ಯಾರಿಯರ್ ಮುಖ್ಯವೋ?

ಪರವಾನಗಿಯ ಬೇಟೆಗೂ ಕಾಡುದಾರಿಯ ಸವಾರಿಗೂ ನಾವು ಆರು ಜನ ಪಾಲು ಹಾಕಿ ಒಂದು ಎಟಿವಿ, ಅಂದರೆ ಕಾಡುಮೇಡಿನಲ್ಲಿ ಓಡುವ ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ, ಕೊಳ್ಳಲು ಹೊರಟಾಗ ಮನೆಯವರ ಗುಂಪಿನಲ್ಲಿ ನಡೆದ ಮಾತುಕತೆ ಇದು.

ಅಣ್ಣ: ಈಗಷ್ಟೇ ಒಂದು ಚಿತ್ರ ಹಾಕಿದ್ದೇನೆ, ನೋಡಿ. 850 ಸಿಸಿ, ಎರಡು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಶಕ್ತಿ. ನಾಳೆ ಬೆಳಿಗ್ಗೆಯೊಳಗೆ ಎಲ್ಲರೂ ಒಪ್ಪಿಗೆ ತಿಳಿಸಿದರೆ ಮುಂಗಡ ಕೊಟ್ಟುಬಿಡುತ್ತೇನೆ.

ತಮ್ಮ: ನನ್ನ ಒಪ್ಪಿಗೆ ಇದೆ. ಬಣ್ಣ ಮಾತ್ರ ಕೆಂಪು ಇರಲಿ.

ಅಕ್ಕ: ಪಾಲು ಆರು ಜನರದು, ಆಯ್ಕೆ ಒಬ್ಬನದೋ?

ಅಣ್ಣ: ಅದಕ್ಕೇ ಕೇಳುತ್ತಿದ್ದೇನಲ್ಲ ಅಕ್ಕ.

ಅಕ್ಕ: ಇದು ಕೇಳಿದ ಹಾಗಿಲ್ಲ, ಅಪ್ಪಣೆ ಕೊಡಿಸಿದ ಹಾಗಿದೆ.

ಭಾವ: ಹಿಂದಿನ ಕ್ಯಾರಿಯರ್ ಎಷ್ಟು ತೂಕ ಹೊರುತ್ತದೆ?

ಅಣ್ಣ: 850 ಸಿಸಿ ಭಾವ! ಏನು ಹೇರಿದರೂ ಎಳೆದುಕೊಂಡು ಹೋಗುತ್ತದೆ.

ನಾನು: ಅಣ್ಣ, ಭಾವ ಕೇಳಿದ್ದು ಎಂಜಿನ್ ಬಗ್ಗೆ ಅಲ್ಲ. ಎಳೆಯುವುದು ಬೇರೆ, ಹೊರುವುದು ಬೇರೆ. ನೀನು ತೋರಿಸಿದ ಗಾಡಿ ಹೊರುತ್ತದೆ, ಒಪ್ಪುತ್ತೇನೆ. ಆದರೆ ಪೆಟ್ರೋಲ್ ತುಂಬಿಸುವ ಮೊದಲೇ ಅದರ ತೂಕ 340 ಕಿಲೋ ಆಸುಪಾಸು. ಇಳಿಜಾರಿನಲ್ಲಿ ಪಕ್ಕಕ್ಕೆ ಮಗುಚಿಕೊಂಡರೆ ಒಬ್ಬಂಟಿ ಸವಾರ ಅದನ್ನು ಎತ್ತಿ ನಿಲ್ಲಿಸುವ ಮಾತೇ ಇಲ್ಲ. ನಮ್ಮಲ್ಲಿ ಅದನ್ನು ಓಡಿಸುವವರು ಅಕ್ಕನಿಂದ ಹಿಡಿದು ಚಿಕ್ಕಪ್ಪನವರೆಗೆ ಇದ್ದಾರೆ.

ಚಿಕ್ಕಪ್ಪ: ಚಿಕ್ಕಪ್ಪನವರೆಗೆ ಎಂದರೆ ಏನರ್ಥ? ನಿಮ್ಮೆಲ್ಲರಿಗಿಂತ ಮೊದಲು ಇವುಗಳನ್ನು ಓಡಿಸಿದವನು ನಾನು.

ನಾನು: ಅದಕ್ಕೇ ಚಿಕ್ಕಪ್ಪ, ಸೊಂಟದ ಕಾಳಜಿಯಿಂದ ಹೇಳಿದೆ.

ತಮ್ಮ: ಹಾಗಾದರೆ ಯಮಾಹಾ ರ‍್ಯಾಪ್ಟರ್ 700 ತೆಗೆದುಕೊಳ್ಳೋಣ. ಹಗುರ, ವೇಗ, ಜಿಗಿತ.

ಭಾವ: ಜಿಂಕೆಯನ್ನು ಎಲ್ಲಿ ಕಟ್ಟಲಿ, ಹೆಡ್‌ಲೈಟ್‌ಗೋ?

ಅಕ್ಕ: ಅದಕ್ಕೆ ಹಿಂಚಕ್ರಕ್ಕೆ ಮಾತ್ರ ಶಕ್ತಿ, ಕ್ಯಾರಿಯರ್ ಇಲ್ಲ. ಮರಳುಗುಡ್ಡದ ಗಾಡಿ ಅದು. ಮುಂದಿನ ಮಾತು.

ತಮ್ಮ: ಹಳೆಯ ಮೂರು ಚಕ್ರದ್ದೊಂದು ಬಹಳ ಅಗ್ಗಕ್ಕೆ ಬಂದಿದೆ, ಚಿತ್ರ ಹಾಕಲೇ?

ಚಿಕ್ಕಪ್ಪ: ಹಾಕಬೇಡ. ಹೋಂಡಾ ಕಂಪನಿ 1970ರಲ್ಲಿ ಬಲೂನಿನಂಥ ಟೈರು ಹಾಕಿ ಮೂರು ಚಕ್ರದ ಯುಎಸ್90 ತಂದಾಗ ಎಲ್ಲರಿಗೂ ಆಟಿಕೆಯಾಗಿ ಕಂಡಿತು. ತಿರುವಿನಲ್ಲಿ ಅದು ಹೇಗೆ ಮಗುಚಿಕೊಳ್ಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. 1982ರಲ್ಲಿ ಸುಜುಕಿಯ ನಾಲ್ಕು ಚಕ್ರದ ಕ್ವಾಡ್‌ರನ್ನರ್ ಬಂತು. 1988ರ ಹೊತ್ತಿಗೆ ಅಮೆರಿಕದಲ್ಲಿ ಹೊಸ ಮೂರು ಚಕ್ರದ ಗಾಡಿಗಳ ಮಾರಾಟವೇ ನಿಂತುಹೋಯಿತು. ಅಗ್ಗಕ್ಕೆ ಸಿಗುವುದು ಯಾಕೆಂದು ಈಗ ತಿಳಿಯಿತೇ?

ತಮ್ಮ: ತಿಳಿಯಿತು.

ಭಾವ: ನನ್ನ ಲೆಕ್ಕ ಕೇಳಿ. ಕರುಳು ತೆಗೆದ ಮೇಲೆ ಒಂದು ಒಳ್ಳೆಯ ಗಂಡು ಜಿಂಕೆ 70 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದು ಹಿಂದಿನ ಕ್ಯಾರಿಯರ್ ಮೇಲೆ ಕೂರಬೇಕು. ಅಷ್ಟು ಹೊತ್ತರೆ ಸಾಕು, ಉಳಿದದ್ದು ನನಗೆ ಬೇಡ.

ನಾನು: ಹಾಗಿದ್ದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ ಭಾವ. ಹೋಂಡಾ ರ‍್ಯಾಂಚರ್ ಕ್ಯಾರಿಯರ್ ಮಿತಿ ಮುಂದೆ 30 ಕಿಲೋ, ಹಿಂದೆ 60. ಯಮಾಹಾ ಕೋಡಿಯಾಕ್ 450ಕ್ಕೆ ಮುಂದೆ 40, ಹಿಂದೆ 80. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಕೂಡ ಹೆಚ್ಚುಕಡಿಮೆ ಅಷ್ಟೇ. ನಿಮ್ಮ 70 ಕಿಲೋ ಜಿಂಕೆ ರ‍್ಯಾಂಚರ್ ಮೇಲೆ ಮಿತಿ ಮೀರುತ್ತದೆ, ಉಳಿದೆರಡರ ಮೇಲೆ ನಿಲ್ಲುತ್ತದೆ. ಇನ್ನೊಂದು ಮಾತು: ಇಡೀ ಗಾಡಿಗೆಂದು ಬರೆದಿರುವ ಒಟ್ಟು ಹೊರೆಯ ಮಿತಿಯಲ್ಲಿ ಸವಾರನ ತೂಕವೂ ಸೇರಿದೆ.

ಅಕ್ಕ: ಇದನ್ನು ನಮ್ಮ ಮನೆಯವರು ಎರಡು ಸಲ ಓದಿಕೊಳ್ಳಲಿ.

ಭಾವ: ಓದಿದೆ. ಒಂದೇ ಸಲಕ್ಕೆ ಅರ್ಥವಾಯಿತು.

ಚಿಕ್ಕಪ್ಪ: ರ‍್ಯಾಂಚರ್ ಅನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸಲು ಅದರಲ್ಲಿ ರಬ್ಬರ್ ಬೆಲ್ಟ್ ಇಲ್ಲ, ಅಪ್ಪಟ ಗೇರು. ಕಾಡಿನ ನಡುವೆ ಬೆಲ್ಟ್ ಹರಿದರೆ ಹೆಗಲ ಮೇಲೆ ಹೊತ್ತು ತರುತ್ತೀರೋ?

ಭಾವ: ಬೆಲ್ಟ್ ಗಾಡಿಗಳು ಇಷ್ಟೊಂದು ಓಡುತ್ತಿವೆಯಲ್ಲ ಚಿಕ್ಕಪ್ಪ. ಕಾಲಿನಲ್ಲಿ ಗೇರು, ಕೈಯಲ್ಲಿ ಹ್ಯಾಂಡಲ್ ಎಂದು ಒದ್ದಾಡುವುದು ಯಾರಿಗೆ ಬೇಕು? ಬೆರಳಿನಿಂದ ಥ್ರಾಟಲ್ ಒತ್ತಿದರೆ ಹೋಗಬೇಕು.

ಚಿಕ್ಕಪ್ಪ: ಹೋಂಡಾದಲ್ಲೂ ಗುಂಡಿ ಒತ್ತಿದರೆ ಗೇರು ಬೀಳುವ ವ್ಯವಸ್ಥೆ ಇದೆ, ತಾನಾಗಿಯೇ ಬದಲಾಗುವುದೂ ಇದೆ. ತಿಳಿದುಕೊಂಡು ಮಾತನಾಡಿ.

ನಾನು: ಇಬ್ಬರೂ ಸ್ವಲ್ಪ ನಿಲ್ಲಿ. ಬೆಲ್ಟ್ ಕೈಕೊಡುವುದು ಹೆಚ್ಚಾಗಿ ಸವಾರನ ಅಭ್ಯಾಸದಿಂದ. ಲೋ ಗೇರಿಗೆ ಹಾಕದೆ, ಹೈ ಗೇರಿನಲ್ಲೇ ಭಾರ ಎಳೆಯುತ್ತಾ ನಡಿಗೆಯ ವೇಗದಲ್ಲಿ ಬಂಡೆ ಹತ್ತಿಸುತ್ತಾರೆ. ಆಗ ಕ್ಲಚ್ಚಿನ ತಟ್ಟೆಗಳು ಬೆಲ್ಟನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದು ಜಾರುತ್ತದೆ, ಕಾಯುತ್ತದೆ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಬೆಲ್ಟಿನ ಅಂಚು ಗಾಜಿನಂತೆ ನುಣುಪಾಗಿರುತ್ತದೆ. ಆಮೇಲೆ ಅದು ಮತ್ತಷ್ಟು ಜಾರುತ್ತದೆ. ನಿಧಾನ, ಏರು, ಹೊರೆ, ಟ್ರೇಲರ್: ಇವುಗಳಲ್ಲಿ ಒಂದು ಇದ್ದರೂ ಲೋ ಗೇರು. ಇಷ್ಟು ಪಾಲಿಸಿದರೆ ಬೆಲ್ಟಿಗೆ ಹೆದರಬೇಕಿಲ್ಲ.

ಚಿಕ್ಕಪ್ಪ: ನೀರು ಹೊಕ್ಕರೆ?

ನಾನು: ಹೊಕ್ಕರೆ ಜಾರುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಬೆಲ್ಟ್ ಪೆಟ್ಟಿಗೆಯ ತಳದಲ್ಲಿ ಒಂದು ಬಿರಡೆ ಇರುತ್ತದೆ. ಅದನ್ನು ಬಿಚ್ಚಿ ನೀರು ಹರಿಸಿ, ಮತ್ತೆ ಹಾಕಿ, ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಎಂಜಿನ್ ಏರಿಸಿದರೆ ಒಣಗುತ್ತದೆ. ಆಸನದ ಕೆಳಗೆ ಒಂದು ಹೆಚ್ಚುವರಿ ಬೆಲ್ಟ್ ಇಟ್ಟುಕೊಳ್ಳೋಣ. ಅದನ್ನು ಬದಲಿಸಲು ಆರು ಜನರೂ ಮನೆಯಲ್ಲೇ ಕಲಿಯಬೇಕು, ಕಾಡಿನಲ್ಲಿ ಅಲ್ಲ.

ಚಿಕ್ಕಪ್ಪ: ಇಳಿಜಾರಿನ ಮಾತನ್ನು ಮರೆತೆ. ಥ್ರಾಟಲ್ ಬಿಟ್ಟ ಕೂಡಲೇ ಬೆಲ್ಟ್ ಸಡಿಲವಾಗಿ ಗಾಡಿ ತನ್ನ ಪಾಡಿಗೆ ಉರುಳುವುದನ್ನು ನಾನು ಕಂಡಿದ್ದೇನೆ.

ನಾನು: ಅದು ನಿಜವಾದ ದೋಷ ಚಿಕ್ಕಪ್ಪ, ಎಲ್ಲ ಬೆಲ್ಟ್ ಗಾಡಿಗಳಿಗೂ ಅಲ್ಲ. ಯಮಾಹಾದವರು ಬೆಲ್ಟನ್ನು ಸದಾ ಬಿಗಿಯಾಗಿಯೇ ಇಡುತ್ತಾರೆ, ಹೀಗಾಗಿ ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬೇರೆಯವರದ್ದಾದರೆ ಎಂಜಿನ್ ಬ್ರೇಕಿಂಗ್ ಇದೆಯೇ ಎಂದು ಕೇಳಿಕೊಂಡೇ ಕೊಳ್ಳಬೇಕು. ಹಿಂದೆ 70 ಕಿಲೋ ಹೇರಿಕೊಂಡು ಒದ್ದೆ ಎಲೆಯ ಮೇಲೆ ಬರೀ ಬ್ರೇಕ್ ನಂಬಿ ಇಳಿಯುವುದು ಬೇಡ.

ಚಿಕ್ಕಪ್ಪ: ಹಾಗಿದ್ದರೆ ಕೋಡಿಯಾಕ್‌ಗೆ ನನ್ನ ಅಡ್ಡಿಯಿಲ್ಲ.

ಅಣ್ಣ: ಒಂದು ನಿಮಿಷ. 850 ಬಿಟ್ಟು 450ಕ್ಕೆ ಯಾವಾಗ ಇಳಿದೆವು?

ಅಕ್ಕ: ನೀನು ಊಟಕ್ಕೆ ಹೋದಾಗ.

ಅಣ್ಣ: ನಗಬೇಡಿ. ಟ್ರೇಲರ್ ಎಳೆಯಬೇಕಾದರೆ 450ರ ಗತಿ ಏನು?

ನಾನು: ಕೋಡಿಯಾಕ್ 450 ಎಳೆಯುವ ಮಿತಿ 600 ಕಿಲೋ. ನಾವು ಎಳೆಯುವುದು ಒಂದು ಜಿಂಕೆ, ಎರಡು ಚೀಲ, ಒಂದು ಗುಡಾರ. ಮಿಕ್ಕ ಶಕ್ತಿಯಲ್ಲಿ ನಿನಗೇನು ಕೆಲಸ?

ಅಣ್ಣ: ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತಲು ಬೇಡವೇ?

ಅಕ್ಕ: ಕೂರಿಸಿಕೊಳ್ಳುವುದೇ ಇಲ್ಲ! ಆಸನ ಉದ್ದವಾಗಿರುವುದು ಎರಡನೆಯವರಿಗಲ್ಲ, ಓಡಿಸುವವರು ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ, ಓರೆಯಲ್ಲಿ ಮೇಲ್ಬದಿಗೆ ಸರಿಯಲು. ಹಿಂದೊಬ್ಬರು ಕೂತರೆ ಸರಿಯಲು ಜಾಗವೆಲ್ಲಿ? ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಬಿದ್ದು ಮುಂಚಕ್ರ ಎದ್ದಿತೆಂದರೆ ಗಾಡಿ ಇಬ್ಬರ ಮೇಲೂ ಬೀಳುತ್ತದೆ. ಇಬ್ಬರು ಹೋಗಲೇಬೇಕಾದರೆ ಅದಕ್ಕೆಂದೇ ಉದ್ದಗೆ ಮಾಡಿದ ಇಬ್ಬರ ಗಾಡಿ ಬೇರೆ ಇದೆ.

ತಮ್ಮ: ಅದನ್ನೇ ತೆಗೆದುಕೊಳ್ಳೋಣವೇ? ಅಥವಾ ಅಕ್ಕಪಕ್ಕ ಕೂರುವ, ಮೇಲೆ ಕಂಬಿಯ ಚೌಕಟ್ಟು ಇರುವಂಥದ್ದು?

ಭಾವ: ಅಕ್ಕಪಕ್ಕ ಕೂರುವುದು ಬೇಟೆಗೆ ಆರಾಮ, ನಿಜ. ಆದರೆ ಬಹುತೇಕ ಎಲ್ಲವೂ ಅಗಲ ಹೆಚ್ಚು. 50 ಇಂಚಿನ ಮಿತಿ ಇರುವ ಕಾಡುದಾರಿಗೆ ಬಿಡುವುದಿಲ್ಲ. ನಿಮ್ಮ ಅಕ್ಕನ ಸವಾರಿ ಅಲ್ಲಿಗೆ ಮುಗಿಯಿತು.

ಅಕ್ಕ: ಅಂತೂ ನನ್ನ ನೆನಪಾಯಿತು! ಇಷ್ಟು ಹೊತ್ತು ಬರೀ ಜಿಂಕೆಯ ತೂಕವೇ ಆಯಿತು. ವರ್ಷದಲ್ಲಿ ಬೇಟೆಯ ಪರವಾನಗಿ ಸಿಗುವುದು ಕೆಲವೇ ದಿನ, ಉಳಿದ ದಿನವೆಲ್ಲ ಗಾಡಿ ಓಡುವುದು ದಾರಿಯ ಮೇಲೆ. ಕಲ್ಲು, ಬೇರು, ಕೊರಕಲು. ನನಗೆ ಬೇಕಾಗಿರುವುದು ಎರಡು: ಹಿಂಚಕ್ರಗಳು ಬೇರೆಬೇರೆಯಾಗಿ ಏರಿಳಿಯಬೇಕು, ಪವರ್ ಸ್ಟೀರಿಂಗ್ ಇರಬೇಕು. ಇವೆರಡೂ ಇಲ್ಲದಿದ್ದರೆ ನನ್ನ ಪಾಲಿನ ಹಣ ಬರುವುದಿಲ್ಲ.

ಭಾವ: ಎರಡೂ ಹಿಂಚಕ್ರಕ್ಕೆ ಒಂದೇ ಅಚ್ಚು ಇದ್ದರೆ ಹಿಂಭಾಗ ಗಟ್ಟಿ. ಹೊರೆ ಹೇರಿದಾಗ ಕುಸಿಯುವುದಿಲ್ಲ, ಓರೆಯಲ್ಲಿ ವಾಲುವುದು ಕಡಿಮೆ, ಕೀಲುಗಳೂ ಕಡಿಮೆ.

ಅಕ್ಕ: ಆ ಅಚ್ಚಿನ ನಡುವೆ ಗೇರಿನ ಗೂಡು ಗಡ್ಡೆಯಂತೆ ಜೋತುಬಿದ್ದಿರುತ್ತದಲ್ಲ, ಅದು ಪ್ರತಿ ಕಲ್ಲಿಗೂ ತಾಗುತ್ತದೆ. ಒಂದು ಚಕ್ರ ಕಲ್ಲು ಹತ್ತಿದರೆ ಇಡೀ ಗಾಡಿ ವಾಲುತ್ತದೆ. ಸಂಜೆಗೆ ಬೆನ್ನು ಹಿಡಿದುಕೊಂಡವರು ಯಾರೆಂದು ಹೇಳಲೇ?

ಚಿಕ್ಕಪ್ಪ: ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಯಾರು ಎತ್ತು, ಯಾರು ಕೋಣ ಎಂದು ನಾನು ಹೇಳುವುದಿಲ್ಲ.

ನಾನು: ಹೊರೆ ಹೇರಿದಾಗ ಹಿಂದಿನ ಸ್ಪ್ರಿಂಗನ್ನು ಬಿಗಿ ಮಾಡಿಕೊಂಡರೆ ಕುಸಿತ ಬಹುಮಟ್ಟಿಗೆ ಕಡಿಮೆಯಾಗುತ್ತದೆ ಭಾವ. ಅಕ್ಕನ ಬೆನ್ನಿಗೆ ಅಂಥ ತಿರುಪು ಇಲ್ಲ. ಪವರ್ ಸ್ಟೀರಿಂಗ್ ನಿಮಗೂ ಬೇಕಾದದ್ದೇ: ಮುಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಡಿಫರೆನ್ಷಿಯಲ್ ಲಾಕ್ ಹಾಕಿದಾಗ ಹ್ಯಾಂಡಲ್ ಕಲ್ಲಿನಂತಾಗುತ್ತದೆ.

ಭಾವ: ಸರಿ, ಬಿಟ್ಟೆ. ಬೇಟೆಗೆ ಹೋಗುವಾಗ ಸದ್ದು ಕಡಿಮೆ ಇರಬೇಕು, ಅಷ್ಟೇ.

ತಮ್ಮ: ಬ್ಯಾಟರಿಯದ್ದು?

ಭಾವ: ಸದ್ದಿಲ್ಲ, ನಿಜ. ಆದರೆ ಚಳಿಯಲ್ಲಿ ಬ್ಯಾಟರಿಯ ದೂರ ಕುಗ್ಗುತ್ತದೆ, ಕಾಡಿನಲ್ಲಿ ಚಾರ್ಜ್ ಮಾಡುವ ಮಾತಿಲ್ಲ. ನಾನು ಹೇಗಿದ್ದರೂ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ನಡೆದು ಹೋಗುವವನು.

ಅಕ್ಕ: ಬಂದೂಕು ಖಾಲಿ ಮಾಡಿ, ಕವಚದೊಳಗೆ ಹಾಕಿಯೇ ಗಾಡಿಗೆ ಕಟ್ಟುವುದು. ಗುಂಡು ತುಂಬಿದ ಬಂದೂಕನ್ನು ಗಾಡಿಯ ಮೇಲೆ ಒಯ್ಯುವುದು ಅನೇಕ ಕಡೆ ಅಪರಾಧ. ಗಾಡಿಯ ಮೇಲಿಂದ ಗುಂಡು ಹಾರಿಸುವುದೂ ಅಷ್ಟೇ. ಇದನ್ನು ಗುಂಪಿನ ನಿಯಮವಾಗಿ ಬರೆದಿಡಿ.

ಅಣ್ಣ: ಇನ್ನೊಂದು ವಿಷಯ. ನನ್ನ ಮಗನಿಗೆ ಹದಿನಾಲ್ಕು ತುಂಬಿತು, ಮೈದಾನದಲ್ಲಿ ಒಂದು ಸುತ್ತು...

ಅಕ್ಕ: ಇಲ್ಲ.

ಚಿಕ್ಕಪ್ಪ: ಇಲ್ಲ.

ಭಾವ: ಇಲ್ಲ. ದೊಡ್ಡವರ ಗಾಡಿಯ ಮೇಲೇ ಎಚ್ಚರಿಕೆ ಅಂಟಿಸಿರುತ್ತಾರೆ, 16 ತುಂಬದವರು ಓಡಿಸಕೂಡದು ಎಂದು.

ಅಣ್ಣ: ಕೇಳಿದ್ದಷ್ಟೇ.

ನಾನು: ಮತಕ್ಕೆ ಹಾಕುತ್ತಿದ್ದೇನೆ. 450ರಿಂದ 570ರವರೆಗಿನ ವರ್ಗ, ಒಬ್ಬರ ಆಸನ, ಬಿಡಿಬಿಡಿಯಾದ ಹಿಂಚಕ್ರ, ಪವರ್ ಸ್ಟೀರಿಂಗ್, ಲೋ ಗೇರು, ಹಿಂದೆ ಕನಿಷ್ಠ 80 ಕಿಲೋ ಕ್ಯಾರಿಯರ್. ಎದುರಿಗೆ ಅಣ್ಣನ 850.

ಚಿಕ್ಕಪ್ಪ: ನಾಲ್ಕಕ್ಕೆ ಎರಡು. ತಮ್ಮನ ಮತ ಇನ್ನೂ ಕೆಂಪು ಬಣ್ಣಕ್ಕೇ ಇದೆ.

ಅಣ್ಣ: ಆಗಲಿ. ಆದರೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಹಾಕಿಸಲೇಬೇಕು, ಗಾಡಿ ಮತ್ತು ಹೊರೆ ಸೇರಿದ ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದು. ತಂತಿ ಬೇಡ, ಸಿಂಥೆಟಿಕ್ ಹಗ್ಗ. ತುಂಡಾದರೆ ತಂತಿಯಷ್ಟು ಜೋರಾಗಿ ಬೀಸುವುದಿಲ್ಲ. ಮರಕ್ಕೆ ಸುತ್ತಲು ಅಗಲ ಪಟ್ಟಿಯೂ ಇರಲಿ.

ಅಕ್ಕ: ಇವತ್ತು ನೀನು ಆಡಿದ ಒಳ್ಳೆಯ ಮಾತು ಇದೊಂದೇ.

ಚಿಕ್ಕಪ್ಪ: ಕಡಿಮೆ ಒತ್ತಡ ಅಳೆಯುವ ಗೇಜನ್ನೂ ಪಟ್ಟಿಗೆ ಸೇರಿಸಿ. ಈ ಟೈರುಗಳಿಗೆ 5ರಿಂದ 7 ಪಿಎಸ್‌ಐ ಗಾಳಿ ಸಾಕು. ಕಾರಿನ ಗೇಜಿನಲ್ಲಿ ಮುಳ್ಳು ತಳದಲ್ಲೇ ತಡವರಿಸುತ್ತದೆ, ನಂಬುವ ಹಾಗಿಲ್ಲ. ಎಡಬಲಕ್ಕೆ ಒಂದೆರಡು ಪಿಎಸ್‌ಐ ವ್ಯತ್ಯಾಸವಾದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ನಾನು: ಸೇರಿಸಿದೆ. ಕೆಸರಿನಿಂದ ಬಂದ ಮೇಲೆ ರೇಡಿಯೇಟರನ್ನು ಒಳಗಡೆಯಿಂದ ಹೊರಕ್ಕೆ ನೀರು ಹರಿಸಿ ತೊಳೆಯುವುದು, ಕೊನೆಗೆ ಓಡಿಸಿದವರ ಕೆಲಸ. ಇದನ್ನೂ ನಿಯಮಕ್ಕೆ ಹಾಕಿದ್ದೇನೆ.

ಅಕ್ಕ: ಹೆಲ್ಮೆಟ್ ಪಾಲಿನದಲ್ಲ, ಒಬ್ಬೊಬ್ಬರಿಗೆ ಒಂದೊಂದು. ಹುಬ್ಬಿನ ಮೇಲೆ ಟೇಪು ಸುತ್ತಿ ತಲೆಯ ಅಳತೆ ಕಳುಹಿಸಿ.

ಭಾವ: ಕೂದಲು ಸೇರಿಸಿಯೋ, ಬಿಟ್ಟೋ?

ಅಕ್ಕ: ನಿಮಗೆ ಎರಡೂ ಒಂದೇ, ಅಳತೆ ಕಳುಹಿಸಿ.