ಚೌಕ ಮೊನಾಕೊ, ಎಡಗಡೆಯ ಕ್ರೌನ್

ಶಹಾಪುರದವನು:
ನನ್ನ ಟ್ಯಾಗ್ ಹಾಯರ್ ಮೊನಾಕೊ ಕೈಗಡಿಯಾರ ನೋಡಿದವರು ‘ಉಲ್ಟಾ ಕಟ್ಟಿಕೊಂಡಿದ್ದೀರಿ’ ಎನ್ನುತ್ತಾರೆ. ಸ್ಟಾಪ್‌ವಾಚ್ ಗುಂಡಿಗಳು ಬಲಕ್ಕೆ, ಕ್ರೌನ್ (ಕೀಲಿ ಕೊಡುವ ತಿರುಪು) ಎಡಕ್ಕೆ. ಕೇಸ್ (ಹೊರಕವಚ) ಚೌಕ, ನೀಲಿ ಡಯಲ್‌ನಲ್ಲಿ ಎರಡು ಬಿಳಿ ಚೌಕಗಳು, ಗಂಟೆಯ ಗುರುತುಗಳೆಲ್ಲ ಅಡ್ಡಡ್ಡ ಮಲಗಿವೆ. 1969ರ ಮೂಲ ವಿನ್ಯಾಸದ ಮರುರೂಪವಿದು. ಅಳತೆ 39 ಮಿ.ಮೀ. ಇದಕ್ಕಿಂತ ಧೈರ್ಯದ ಕೈಗಡಿಯಾರವನ್ನು ನಾನು ಕಂಡಿಲ್ಲ.

ಟಿಳಕವಾಡಿ:
ಧೈರ್ಯವಲ್ಲ ಸರ್, ಅನಿವಾರ್ಯತೆ. ಬ್ಯೂರೆನ್ ಕಂಪನಿಯ ಯಂತ್ರದ ಮೇಲೆ ದ್ಯುಬ್ವಾ ದೆಪ್ರಾ ಕಂಪನಿಯ ಕ್ರೊನೊಗ್ರಾಫ್ (ಸ್ಟಾಪ್‌ವಾಚ್) ಮಾಡ್ಯೂಲ್, ಅಂದರೆ ಪ್ರತ್ಯೇಕ ಭಾಗ, ಕೂರಿಸಿದಾಗ ಕ್ರೌನ್ ಎಡಕ್ಕೆ ಬಂದಿತು, ಅಷ್ಟೇ. ಅದೇ ವರ್ಷ ಜನವರಿಯಲ್ಲಿ ಜೆನಿತ್ ಕಂಪನಿ ಪ್ರಕಟಿಸಿದ ಎಲ್ ಪ್ರಿಮೆರೊ ಒಂದೇ ಅಖಂಡ ಯಂತ್ರ. ಗಂಟೆಗೆ 36,000 ಬಡಿತ, ಸೆಕೆಂಡಿನ ಹತ್ತನೇ ಒಂದು ಭಾಗವನ್ನೂ ಅಳೆಯುತ್ತದೆ. ನಿಜವಾದ ಕಸುಬು ಅಲ್ಲಿದೆ.

ಶಹಾಪುರದವನು:
ಎಲ್ ಪ್ರಿಮೆರೊಗೆ ನಾನೂ ತಲೆಬಾಗುತ್ತೇನೆ. ಆದರೆ ಅನಿವಾರ್ಯತೆಯನ್ನು ಮುಚ್ಚಿಡದೆ ಎದುರಿಗೇ ಇಟ್ಟರಲ್ಲ, ನನಗೆ ಹಿಡಿಸಿದ್ದು ಅದೇ. ತಾನೇ ಕೀಲಿ ಕೊಟ್ಟುಕೊಳ್ಳುವ ಗಡಿಯಾರಕ್ಕೆ ದಿನವೂ ಕ್ರೌನ್ ತಿರುಗಿಸುವ ಕೆಲಸವಿಲ್ಲ. ಎಡಕ್ಕಿದ್ದರೆ ಅದು ಮಣಿಕಟ್ಟಿಗೂ ಚುಚ್ಚುವುದಿಲ್ಲ.

ಉದ್ಯಮಬಾಗ್ ಲೇತ್:
ಯಂತ್ರದ ಜಗಳ ನೀವು ಆಡಿಕೊಳ್ಳಿ, ನಾನು ಕೇಸ್ ನೋಡುತ್ತೇನೆ. ನಮ್ಮಲ್ಲಿ ಹೈಡ್ರಾಲಿಕ್ ಬಿಡಿಭಾಗ ಮಾಡುವವರಿಗೆ ಇದು ಗೊತ್ತು: ದುಂಡು ಮುಚ್ಚಳವಾದರೆ ಲೇತ್‌ನಲ್ಲಿ ತೋಡು ಕೊರೆದು ಓ-ರಿಂಗ್ (ರಬ್ಬರ್ ಉಂಗುರ) ಕೂರಿಸಿದರೆ ಸಾಕು, ಒತ್ತಡ ಸುತ್ತಲೂ ಸಮನಾಗಿ ಬೀಳುತ್ತದೆ. ಚೌಕದಲ್ಲಿ ನಾಲ್ಕು ಮೂಲೆಗಳೂ ತಲೆನೋವು. ಮೂಲೆ ತಿರುಗುವಲ್ಲಿ ಸೀಲ್ ಸ್ವಲ್ಪ ಸಡಿಲವಾದರೂ ಸೋರಿಕೆ. ನೀರು ತಡೆಯುವ ಚೌಕ ಕ್ರೊನೊಗ್ರಾಫ್ ಎಂದರೆ ಆ ಕಾಲಕ್ಕೆ ದೊಡ್ಡ ಮಾತು.

ಶಹಾಪುರದವನು:
ಸರಿಯಾಗಿ ಹಿಡಿದಿರಿ! ಆ ಕೇಸ್ ಪಿಕರೆಜ್ ಎಂಬ ಕೇಸ್ ತಯಾರಕರದು. ತೋರಿಸಿದ ಕೂಡಲೇ ಹಾಯರ್ ಕಂಪನಿಯ ಆಗಿನ ಮುಖ್ಯಸ್ಥ ಜಾಕ್ ಹಾಯರ್ ಅದು ಬೇರೆ ಯಾವ ಕ್ರೊನೊಗ್ರಾಫ್‌ಗೂ ಹೋಗದಂತೆ ತಮಗೇ ಕಾಯ್ದಿರಿಸಿಕೊಂಡರು.

ಟಿಳಕವಾಡಿ:
ಕೇಸ್‌ನ ಮಾತು ಒಪ್ಪುತ್ತೇನೆ. ಆದರೂ ಈಚಿನ ಹಾಯರ್ 02 ಯಂತ್ರದ ಮೊನಾಕೊ ಅಖಂಡ, ಒಮ್ಮೆ ಕೀಲಿ ತುಂಬಿದರೆ 80 ಗಂಟೆ ಓಡುತ್ತದೆ. ನಿಮ್ಮದು ಇಂದಿಗೂ ಮಾಡ್ಯೂಲ್. ಕೊಟ್ಟ ಹಣಕ್ಕೆ ಅದೇ ಮೇಲಲ್ಲವೇ?

ಶಹಾಪುರದವನು:
ಯಂತ್ರವಾಗಿ ಮೇಲು, ಖಂಡಿತ. ಆದರೆ ಅದರಲ್ಲಿ ಕ್ರೌನ್ ಬಲಕ್ಕೆ ಬಂದಿದೆ. ಉಳಿದ ಗಡಿಯಾರಗಳ ಸಾಲಿಗೆ ಸೇರಿದ ಮೊನಾಕೊ ನನಗೆ ಬೇಡ.

ಉದ್ಯಮಬಾಗ್ ಲೇತ್:
ಒಂದು ಮಾತು ಅಣ್ಣಾ. 100 ಮೀಟರ್ ಆಳದವರೆಗೆ ನೀರು ತಡೆಯುತ್ತದೆ ಎಂದು ಬರೆದಿದ್ದರೂ ನಮ್ಮೂರಿನ ಜುಲೈ ಮಳೆಗೆ ಮುನ್ನ ಒಮ್ಮೆ ಒತ್ತಡ ಪರೀಕ್ಷೆ ಮಾಡಿಸಿ. ನೀರು ತಡೆಯುವ ಗ್ಯಾಸ್ಕೆಟ್ ರಬ್ಬರ್ ಕಾಲಕ್ರಮೇಣ ಗಟ್ಟಿಯಾಗುತ್ತದೆ. ಸಿಕ್ಕಸಿಕ್ಕಲ್ಲಿ ಮುಚ್ಚಳ ಮಾತ್ರ ತೆಗೆಸಬೇಡಿ.