ಅಂಗಡಿ ಜಾಗ ನೋಡುವ ಕೆಲಸ: ₹30,000 ಅಂದ್ರೆ ಕೈಗೆ ಎಷ್ಟು?

ಪ್ರಶ್ನೆ (ಹುಮನಾಬಾದ್‌ನಿಂದ):
ನಮಸ್ಕಾರ್ರಿ ಎಲ್ಲರಿಗೂ. ಎಂ.ಎ. ಭೂಗೋಳ ಮುಗದದ, ಕ್ಯೂಜಿಐಎಸ್ (ನಕ್ಷೆ ಮಾಡೋ ಸಾಫ್ಟ್‌ವೇರ್), ಎಕ್ಸೆಲ್ ಬರ್ತಾವ. ಸೂಪರ್‌ಮಾರ್ಕೆಟ್ ನಡೆಸೋ ಒಂದು ಕಂಪನಿ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾಕ್ಕ ಒಬ್ಬರು ಲೊಕೇಶನ್ ಅನಲಿಸ್ಟ್ ತಗೋಳ್ಲಕತ್ತದ. ಹೊಸ ಅಂಗಡಿ ಎಲ್ಲಿ ತೆರೀಬೇಕು ಅಂತ ಸರ್ವೆ ಮಾಡಿ ರಿಪೋರ್ಟ್ ಕೊಡೋ ಕೆಲಸ. ಸಿಟಿಸಿ (ನಮ್ಮ ಮ್ಯಾಲೆ ಕಂಪನಿ ಮಾಡೋ ಒಟ್ಟು ಖರ್ಚು) ತಿಂಗಳಿಗೆ ₹30,000. ಅದರಾಗ 20% ವೇರಿಯಬಲ್, ಅದು ಅಂಗಡಿ ಓಪನ್ ಆದ ಮ್ಯಾಲೇ. ಗಾಡಿ ನಮ್ಮದು, ಪೆಟ್ರೋಲ್ ಸಂಬಳದಾಗೇ ಬಂತು ಅಂದಾರ. ಸಹಿ ಹಾಕೂ ಮೊದಲ ಏನೇನು ಕೇಳಬೇಕ್ರಿ?

ಉತ್ತರ (ರಿಟೇಲ್ ಸೈಟ್ ಪ್ಲಾನಿಂಗ್, ಕಲಬುರಗಿ):
ಮೊದಲು ಕೈಗೆ ಬರೋದು ಲೆಕ್ಕ ಹಾಕ್ರಿ. 30,000ದಲ್ಲಿ ವೇರಿಯಬಲ್ 6,000 ಪಕ್ಕಕ್ಕಿಡ್ರಿ. ಬೇಸಿಕ್ 15,000 ಅಂತ ಹಿಡಿದರೆ ಕಂಪನಿ ಪಾಲಿನ ಪಿಎಫ್ 12%, ಅಂದರೆ 1,800. ಗ್ರಾಚ್ಯುಟಿ ಹೆಸರಲ್ಲಿ ಸುಮಾರು 720. ಇವೆರಡನ್ನೂ ಸಿಟಿಸಿ ಒಳಗೇ ತೋರಿಸಿರ್ತಾರೆ. ಉಳಿದದ್ದು 21,480. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,800 ಹೋದರೆ 19,680.

ಈಗ ಗಾಡಿ. ಕಲಬುರಗಿಯಿಂದ ಬೀದರ್‌ಗೆ ಹೋಗಿ ಬರೋದೇ 220 ಕಿ.ಮೀ. ಮೇಲೆ. ಮೂರು ಜಿಲ್ಲೆ ಅಂದ ಮೇಲೆ ತಿಂಗಳಿಗೆ 1,200 ಕಿ.ಮೀ. ಹೆಚ್ಚೇನಲ್ಲ. ಪೆಟ್ರೋಲ್ ಒಂದನ್ನೇ ನೋಡಿದರೆ ಕಿ.ಮೀ.ಗೆ ಎರಡು ರೂಪಾಯಿ ಚಿಲ್ಲರೆ. ಟೈರ್, ಆಯಿಲ್, ಸರ್ವಿಸಿಂಗ್, ಗಾಡಿ ಸವಕಳಿ ಸೇರಿಸಿದರೆ ₹4ಕ್ಕೆ ಕಮ್ಮಿ ಇಲ್ಲ. ಅಲ್ಲಿಗೆ 4,800 ನಿಮ್ಮ ಜೇಬಿಂದ. ಕೈಯಲ್ಲಿ ಉಳಿಯೋದು ₹14,880. 'ಮೂವತ್ತು ಸಾವಿರದ ಕೆಲಸ' ಅಂತ ಮನೆಯಲ್ಲಿ ಹೇಳಿ ಹದಿನೈದರಲ್ಲಿ ತಿಂಗಳು ದೂಡೋದು ಬಹಳ ಕಷ್ಟ. ಅದಕ್ಕೆ ಸಂಬಳ ಏರಿಸ್ರಿ ಅನ್ನೋ ಮೊದಲು ಕಿ.ಮೀ.ಗೆ ಇಷ್ಟು ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ರಿ. ಬೀದರ್‌ಗೆ ರೈಲು ಟಿಕೆಟ್, ಅಲ್ಲಿ ಇಳಿದ ಮೇಲೆ ಆಟೊ ಖರ್ಚು ಕಂಪನಿದು, ಊರಲ್ಲೇ ಓಡಾಡಿದ್ದಕ್ಕೆ ಗಾಡಿ ಭತ್ಯೆ ಅಂತ ಕೇಳಿದರೆ ಅವರಿಗೂ ಅಗ್ಗ, ನಿಮಗೂ ಮೈ ನೋವಿಲ್ಲ.

ಇದಕ್ಕಿಂತ ದೊಡ್ಡ ತಕರಾರು ನನಗೆ ವೇರಿಯಬಲ್ ಮೇಲಿದೆ. ಅನಲಿಸ್ಟ್ ಇರೋದೇ 'ಈ ಜಾಗ ಬ್ಯಾಡ' ಅಂತ ಧೈರ್ಯವಾಗಿ ಹೇಳೋಕೆ. ಅಂಗಡಿ ಓಪನ್ ಆದರೆ ಮಾತ್ರ ದುಡ್ಡು ಅಂದರೆ, ಬ್ಯಾಡ ಅಂದಾಗಲೆಲ್ಲ ನಿಮ್ಮ ಹೊಟ್ಟೆಗೇ ಹೊಡೆತ. ಆಗ ಕೈ ತಾನಾಗೇ ಅಂಕಿ ಉಬ್ಬಿಸುತ್ತೆ. ಮೇಲಾಗಿ ಮಾಲೀಕರ ಕಾಗದಪತ್ರ, ವಿದ್ಯುತ್ ಕಂಪನಿ ಜೆಸ್ಕಾಂನ ತ್ರೀ ಫೇಸ್ ಕನೆಕ್ಷನ್, ಟ್ರೇಡ್ ಲೈಸೆನ್ಸ್ ಯಾವುದೂ ನಿಮ್ಮ ಕೈಯಲ್ಲಿಲ್ಲ. ಅರ್ಧ ವೇರಿಯಬಲ್ ವೇಳೆಗೆ ಸರಿಯಾಗಿ ಕೊಟ್ಟ ರಿಪೋರ್ಟ್‌ಗೆ, ಇನ್ನರ್ಧ ಅಂಗಡಿ ಶುರುವಾಗಿ ಆರು ತಿಂಗಳಿಗೆ ನಿಮ್ಮ ಅಂದಾಜು ಮತ್ತು ನಿಜವಾದ ವ್ಯಾಪಾರದ ಅಂತರ 15% ಒಳಗಿದ್ದರೆ, ಹೀಗೆ ಕೇಳ್ರಿ. ಬ್ರೋಕರ್‌ಗಳು ಕಮಿಷನ್ ತೋರಿಸ್ತಾರೆ. ಒಂದು ಸಲ ಮುಟ್ಟಿದರೆ ನಿಮ್ಮ ರಿಪೋರ್ಟ್ ಅನ್ನು ಯಾರೂ ನಂಬೋದಿಲ್ಲ.

ಸಂದರ್ಶನಕ್ಕೆ ಹೋಗುವಾಗ ಒಂದು ಮಾದರಿ ಹಾಳೆ ಒಯ್ರಿ, ಸಂಬಳದ ಮಾತಿಗೆ ಅದೇ ಬಲ. ಉದಾಹರಣೆಗೆ: ಒಂದೂವರೆ ಕಿ.ಮೀ. ಒಳಗೆ 6,000 ಮನೆ, ಮನೆಗೆ ತಿಂಗಳ ಕಿರಾಣಿ ₹4,000, ಅದರಲ್ಲಿ ನಮ್ಮ ಅಂಗಡಿಗೆ 8% ಸಿಕ್ಕರೆ ವ್ಯಾಪಾರ ₹19.2 ಲಕ್ಷ. ಜಾಗ 3,000 ಚದರಡಿ, ಅಡಿಗೆ ₹40 ಬಾಡಿಗೆ ಅಂದರೆ ₹1.2 ಲಕ್ಷ, ವ್ಯಾಪಾರದ 6.25%. ಲಾಭ ತೆಳುವಾಗಿರೋ ಕಿರಾಣಿಗೆ ಇದು ಭಾರ. ₹28ಕ್ಕೆ ಇಳಿದರೆ 4.4% ಆಗುತ್ತೆ, ಆಗ ಮಾತಾಡಬಹುದು. ಬಾಡಿಗೆ ಗೋಡೆ ಒಳಗಿನ ಕಾರ್ಪೆಟ್ ಏರಿಯಾಕ್ಕೋ ಗೋಡೆಯೂ ಸೇರಿದ ಬಿಲ್ಟ್‌ಅಪ್‌ಗೋ ಅಂತ ಅಲ್ಲೇ ಬರೀರಿ, ಎಡವಟ್ಟಾಗೋದೇ ಅಲ್ಲಿ. ಇಷ್ಟು ತೋರಿಸಿದವರಿಗೆ 'ಸರ್ವೆ ಹುಡುಗರ' ಸಂಬಳ ಹೇಳೋಕೆ ಯಾರಿಗೂ ಬಾಯಿ ಬರೋದಿಲ್ಲ.

ಅದೇ ಪ್ರಶ್ನೆಗಾರರು:
ಭಾಳ ಉಪಕಾರ ಆಯ್ತ್ರಿ. ರಸ್ತೆದಾಗ ಓಡಾಡೋ ಜನ ಎಣಿಸೋ ದಿನ ಬೆಳಿಗ್ಗೆ 7ರಿಂದ 11, ಸಂಜಿಗೆ 5ರಿಂದ 9 ಡ್ಯೂಟಿ ಅಂತ. ಎಂಟೇ ತಾಸು ಅಲ್ಲೇನು ಅಂತಾರ. ಹುದ್ದೆ ಹೆಸರು 'ಏರಿಯಾ ಮ್ಯಾನೇಜರ್' ಅಂತ ಮಾಡ್ತಾರಂತ. ಇದು ಸರಿ ಅದನ್ರಿ?

ಉತ್ತರ (ಕಾರ್ಮಿಕ ಕಾಯ್ದೆ ಸಲಹೆಗಾರರು, ಬೀದರ್):
ಎಂಟು ತಾಸು ಸರಿ, ಆದರೆ ಹರವು ತಪ್ಪು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ. ಜತೆಗೆ ಕೆಲಸ ಶುರುವಾದಾಗಿನಿಂದ ಮುಗಿಯೋ ತನಕ, ಬಿಡುವೂ ಸೇರಿ, 12 ಗಂಟೆ ಮೀರಬಾರದು. 7ರಿಂದ 9 ಅಂದರೆ 14 ಆಯ್ತು. ಇದಕ್ಕೆ ಪರಿಹಾರ ಸುಲಭ: ಒಂದು ದಿನ ಬೆಳಗಿನ ಎಣಿಕೆ, ಮರುದಿನ ಸಂಜೆಯದು. ಎಣಿಕೆಯ ಗುಣವೇನೂ ಕೆಡೋದಿಲ್ಲ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ.

'ಮ್ಯಾನೇಜರ್' ಅನ್ನೋ ಹೆಸರಿಗೆ ಮರುಳಾಗಬ್ಯಾಡ್ರಿ. ಆಡಳಿತ ಹುದ್ದೆಯಲ್ಲಿರೋರು ಈ ಕಾಯ್ದೆಯಿಂದ ಹೊರಗೆ. ಕೈಕೆಳಗೆ ಒಬ್ಬರೂ ಇಲ್ಲದೆ, ರಜೆ ಕೊಡೋ ಅಧಿಕಾರವೂ ಇಲ್ಲದೆ ಆ ಹೆಸರು ಕೊಟ್ಟರೆ ಓವರ್‌ಟೈಮ್ ತಪ್ಪಿಸೋ ಉದ್ದೇಶ ಇರಬಹುದು. 'ಅನಲಿಸ್ಟ್' ಅಂತಲೇ ಬರೆಸ್ರಿ. 'ಕನ್ಸಲ್ಟೆಂಟ್' ಅಂತ ಬರೆದರೆ ಇನ್ನೂ ಹುಷಾರು: ವೃತ್ತಿ ಶುಲ್ಕ ಅಂತ 10% ಟಿಡಿಎಸ್ (ಕೊಡುವಾಗಲೇ ಮುರಿಯೋ ತೆರಿಗೆ) ಹಿಡೀಬಹುದು, ಪಿಎಫ್ ಇಲ್ಲ, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇಲ್ಲ, ಪಗಾರಿ ರಜೆ ಇಲ್ಲ.

ಇಎಸ್‌ಐ ಮಿತಿ ತಿಂಗಳ ವೇತನ ₹21,000. ಒಳಗೆ ಬಂದರೆ ನಿಮ್ಮಿಂದ 0.75% ಮಾತ್ರ ಕಡಿತ, ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಹೊರಗುಳಿದರೆ ಗುಂಪು ಆರೋಗ್ಯ ವಿಮೆ, ಅಪಘಾತ ವಿಮೆ ಎರಡನ್ನೂ ಕೇಳ್ರಿ. ದಿನವಿಡೀ ರಸ್ತೆ ಮೇಲಿರೋ ಕೆಲಸ ಇದು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ, ಕೆಲಸ ಬಿಟ್ಟರೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಚುಕ್ತಾ ಮಾಡಬೇಕು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371(ಜೆ) ಇಲ್ಲಿ ಅನ್ವಯಿಸೋದಿಲ್ಲ, ಖಾಸಗಿ ಕಂಪನಿಗೆ ಅದರ ಮೀಸಲಾತಿ ಇಲ್ಲ.

ಇನ್ನೊಬ್ಬ ಸದಸ್ಯೆ (ಯಾದಗಿರಿ):
ಸಂಜಿ ಎಣಿಕೆಗೆ ಒಬ್ಬರನ್ನೇ ಕಳಿಸ್ತಾರೇನ್ರಿ? ಮತ್ತ ವರದಿಗೆ ದಿನ ಎಷ್ಟು ಕೇಳಬೇಕು?

ಉತ್ತರ (ರಿಟೇಲ್ ಸೈಟ್ ಪ್ಲಾನಿಂಗ್, ಕಲಬುರಗಿ):
ಇಬ್ಬರು ಬೇಕೇ ಬೇಕು ಅಕ್ಕಾ. ಸುರಕ್ಷತೆ ಒಂದು, ಎರಡನೇದು ರಸ್ತೆಯ ಎರಡೂ ಬದಿ ಒಬ್ಬರಿಂದ ಎಣಿಸೋಕಾಗಲ್ಲ. ತಾಸಿಗೆ 15 ನಿಮಿಷ ಟ್ಯಾಲಿ ಕೌಂಟರ್ ಒತ್ತಿ ನಾಲ್ಕರಿಂದ ಗುಣಿಸ್ತೀವಿ, ಬದಿಬದಿಗೆ ಬೇರೆ ಹಾಳೆ. ರಾತ್ರಿ ವಾಪಸ್ ಬರೋ ವಾಹನ ಕಂಪನಿದು ಅಂತ ಬರೆಸ್ರಿ.

ಒಂದು ಜಾಗಕ್ಕೆ ಎಂಟು ಕೆಲಸದ ದಿನ ಕೇಳ್ರಿ, ಮೂರು ದಿನದಲ್ಲಿ ಕೊಡ್ತೀನಿ ಅನ್ನಬ್ಯಾಡ್ರಿ. ದತ್ತಾಂಶ ಹೊಂದಿಸೋದೇ ಎರಡು ದಿನ ತಿನ್ನುತ್ತೆ. ಕೈಗೆ ಸಿಗೋ ಜನಗಣತಿ 2011ರದು. ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕು ಆಗಿದ್ದು ಅದಾದ ಮೇಲೆ. ನಮ್ಮಲ್ಲಿ ಕಾಳಗಿ, ಕಮಲಾಪುರ, ಯಡ್ರಾಮಿ, ಬೀದರ್ ಕಡೆ ಚಿಟಗುಪ್ಪ, ಹುಲಸೂರ ಕೂಡ ಹಂಗೇ. ತಾಲ್ಲೂಕು ಕೋಷ್ಟಕ ಎತ್ತಿ ಹಾಕಿದರೆ ಶಹಾಪುರದ ಲೆಕ್ಕದಲ್ಲಿ ವಡಗೇರಾದ ಹಳ್ಳಿಗಳೂ ಕೂತಿರ್ತಾವೆ. ಹಳ್ಳಿವಾರು ಕೂಡಿಸಿಯೇ ಕಟ್ಟಬೇಕು. ಬೀದರ್ ಹಳೇ ಊರಿನಲ್ಲಿ ಹೊಸ ಕಟ್ಟಡ ಅಂದರೆ ಮಹಮೂದ್ ಗಾವಾನ್ ಮದರಸಾದಿಂದ ಅಳತೆ ಹಿಡೀರಿ. ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಕಟ್ಟೋ ಹಂಗಿಲ್ಲ, ಅದರಾಚೆ ಇನ್ನೂ 200 ಮೀಟರ್, ಅಂದರೆ ಒಟ್ಟು 300 ಮೀಟರ್‌ವರೆಗೆ ಅನುಮತಿ ಬೇಕು.

ಎಣಿಕೆಯ ತಿಂಗಳ ಬಗ್ಗೆ ಮೊದಲೇ ಮಾತಾಡ್ರಿ. ಏಪ್ರಿಲ್, ಮೇಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ 1.30. ಮಧ್ಯಾಹ್ನ ಕಲಬುರಗಿಯ 'ಸೂಪರ್ ಮಾರ್ಕೆಟ್' ಅನ್ನೋ ಪೇಟೆ ರಸ್ತೆಯೇ ಖಾಲಿ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ರಂಜಾನ್ ರಾತ್ರಿಗಳು, ತೊಗರಿ ಗಂಜ್‌ಗೆ (ಕೃಷಿ ಮಾರುಕಟ್ಟೆಗೆ) ಬರೋ ಡಿಸೆಂಬರ್–ಫೆಬ್ರವರಿ, ಆಗೆಲ್ಲ ಸಂಖ್ಯೆ ಉಬ್ಬಿರುತ್ತೆ. ಮಟಮಟ ಬಿಸಿಲಲ್ಲಿ 12ರಿಂದ 4 ನಿಲ್ಲಿಸಿ ಎಣಿಸು ಅಂದರೆ ಒಪ್ಪಬ್ಯಾಡ್ರಿ. ಆ ಅಂಕಿ ಯಾರಿಗೂ ಉಪಯೋಗಕ್ಕೆ ಬರೋದಿಲ್ಲ, ಮೈಗೆ ಮಾತ್ರ ಹೊಡೆತ.