ಡ್ಯಾಫ್ನಿಯಾ ಪರೀಕ್ಷೆಯಲ್ಲಿ ಕಂಟ್ರೋಲ್ ಮರಿಗಳೇ ನಿಶ್ಚಲವಾಗುತ್ತಿವೆ: ಅನುಭವ ಇರುವವರು ತಿಳಿಸುವಿರಾ?

ಪ್ರಶ್ನೆ – ಸ್ನಾತಕೋತ್ತರ ವಿದ್ಯಾರ್ಥಿನಿ

ತಾಮ್ರದ ಸಲ್ಫೇಟ್ ಸಿಹಿನೀರಿನ ಅಕಶೇರುಕಗಳಿಗೆ ಎಷ್ಟು ವಿಷಕಾರಿ ಎಂಬುದು ನನ್ನ ಪ್ರಬಂಧದ ವಿಷಯ. ಓಇಸಿಡಿ 202 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನವನ್ನು ಅನುಸರಿಸುತ್ತಿದ್ದೇನೆ: ಡ್ಯಾಫ್ನಿಯಾ ಮ್ಯಾಗ್ನಾ ಎಂಬ ಪುಟ್ಟ ಸಿಹಿನೀರಿನ ಕಠಿಣಚರ್ಮಿಯ ಮರಿಗಳನ್ನು 48 ಗಂಟೆ ದ್ರಾವಣದಲ್ಲಿಟ್ಟು, ಎಷ್ಟು ಮರಿಗಳು ನಿಶ್ಚಲವಾದವು ಎಂದು ಎಣಿಸಿ, ಅರ್ಧದಷ್ಟು ಮರಿಗಳನ್ನು ನಿಲ್ಲಿಸಿಬಿಡುವ ಸಾಂದ್ರತೆಯನ್ನು, ಅಂದರೆ ಇಸಿ50 ಅನ್ನು, ಲೆಕ್ಕ ಹಾಕುವುದು. ತೊಂದರೆ ಏನೆಂದರೆ, ತಾಮ್ರವನ್ನೇ ಹಾಕದ ಕಂಟ್ರೋಲ್ ಬೀಕರುಗಳಲ್ಲೂ 20 ಮರಿಗಳಲ್ಲಿ 3 ಈಜುವುದನ್ನು ನಿಲ್ಲಿಸುತ್ತಿವೆ. ಕೆಲವು ನೀರಿನ ಮೇಲ್ಮೈಗೆ ಅಂಟಿಕೊಂಡು ತೇಲುತ್ತವೆ. ಒಂದು ಸಲ ಬಂದ ಇಸಿ50 ಮತ್ತೊಂದು ಸಲದ್ದಕ್ಕೆ ಹತ್ತಿರವೂ ಬರುವುದಿಲ್ಲ. ಮರಿಗಳು ಹಸಿವಿನಿಂದ ಸೊರಗುತ್ತಿರಬಹುದೇ, ಸ್ವಲ್ಪ ಪಾಚಿ ಹಾಕಲೇ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ – ಪ್ರಯೋಗಾಲಯದಲ್ಲಿ ಜೀವಿ ಸಾಕಣೆಯ ಹೊಣೆ ಹೊತ್ತವರು

ಪಾಚಿ ಹಾಕಬೇಡಿ. ಆರೋಗ್ಯವಾಗಿರುವ ಮರಿ 48 ಗಂಟೆ ಆಹಾರವಿಲ್ಲದೆ ಚೆನ್ನಾಗಿಯೇ ಇರುತ್ತದೆ, ವಿಧಾನವೂ ಆಹಾರ ಕೊಡಬಾರದು ಎಂದೇ ಹೇಳುತ್ತದೆ. ನಿಮ್ಮ ಪರೀಕ್ಷೆಯಲ್ಲಂತೂ ಪಾಚಿ ತಾಮ್ರವನ್ನು ಹಿಡಿದಿಟ್ಟುಕೊಂಡು ಲೆಕ್ಕವನ್ನೇ ಕೆಡಿಸುತ್ತದೆ.

20ರಲ್ಲಿ 3 ಎಂದರೆ ಶೇ 15. ಕಂಟ್ರೋಲ್‌ನಲ್ಲಿ ಒಪ್ಪುವ ಮಿತಿ ಶೇ 10. ಆದ್ದರಿಂದ ಆ ಸುತ್ತುಗಳಲ್ಲಿ ಬಂದ ಇಸಿ50 ಎಷ್ಟೇ ಇರಲಿ, ಅದನ್ನು ಪ್ರಬಂಧಕ್ಕೆ ಸೇರಿಸಬೇಡಿ. ತಾಮ್ರವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಸಾಕಣೆಯ ತೊಟ್ಟಿಯ ಮುಂದೆ ಕುಳಿತುಕೊಳ್ಳಿ. ಈ ಪರೀಕ್ಷೆಯ ಗುಣಮಟ್ಟ ಮುಕ್ಕಾಲು ಪಾಲು ಅಲ್ಲಿಯೇ ನಿರ್ಧಾರವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಒಂದು ತಾಯಿಯನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಚೆನ್ನಾಗಿ ತಿಂದು ಬೆಳೆದ ಜೀವಿಯ ಕರುಳು ಹಸಿರು ಗೆರೆಯಂತೆ ತುಂಬಿಕೊಂಡಿರುತ್ತದೆ, ಬೆನ್ನ ಕಡೆಯ ಮರಿಚೀಲದಲ್ಲಿ ಮೊಟ್ಟೆಗಳೋ ಕಪ್ಪು ಕಣ್ಣು ಮೂಡಿದ ಭ್ರೂಣಗಳೋ ಒತ್ತೊತ್ತಾಗಿ ಕಾಣುತ್ತವೆ. ಅದರ ಬದಲು ಮೈ ಬಿಳಚಿಕೊಂಡಿದ್ದರೆ, ಮರಿಚೀಲ ಖಾಲಿಯಿದ್ದರೆ, ಬೆನ್ನ ಮೇಲೆ ಕುದುರೆಯ ಜೀನಿನ ಆಕಾರದ ಕಪ್ಪು ಮೊಟ್ಟೆಗೂಡು ಕಂಡರೆ, ತೊಟ್ಟಿಯಲ್ಲಿ ಗಂಡುಗಳು ಕಾಣಿಸಿಕೊಂಡಿದ್ದರೆ ಆ ಸಾಕಣೆ ಒತ್ತಡದಲ್ಲಿದೆ ಎಂದು ತಿಳಿಯಿರಿ. ಅನುಕೂಲ ಇರುವಾಗ ಡ್ಯಾಫ್ನಿಯಾ ಗಂಡಿನ ಹಂಗಿಲ್ಲದೆ ಹೆಣ್ಣುಗಳನ್ನೇ ಹೆರುತ್ತಾ ಹೋಗುತ್ತದೆ. ಕಷ್ಟ ಬಂದಾಗಲೇ ಗಂಡುಗಳೂ ಆ ಕಪ್ಪು ಗೂಡುಗಳೂ ಬರುವುದು. ಸಾಮಾನ್ಯ ಕಾರಣಗಳು ಕಿಕ್ಕಿರಿದ ತೊಟ್ಟಿ, ಹಳಸಿದ ನೀರು, ಹೊತ್ತು ತಪ್ಪಿದ ಆಹಾರ. ಅಂಥ ತಾಯಂದಿರ ಮರಿಗಳನ್ನು ಪರೀಕ್ಷೆಗೆ ತೆಗೆದುಕೊಳ್ಳಬಾರದು.

ಮರಿಗಳ ವಯಸ್ಸು 24 ಗಂಟೆಗಿಂತ ಕಡಿಮೆ ಇರಬೇಕು. ಹಿಂದಿನ ಸಂಜೆ ತೊಟ್ಟಿಯಲ್ಲಿರುವ ಮರಿಗಳನ್ನೆಲ್ಲ ಸೋಸಿ ತೆಗೆದುಬಿಡಿ. ಮಾರನೆಯ ಬೆಳಿಗ್ಗೆ ಸಿಕ್ಕ ಮರಿಗಳ ವಯಸ್ಸಿನ ಬಗ್ಗೆ ಅನುಮಾನ ಇರುವುದಿಲ್ಲ. ಯಾವುದೇ ತಾಯಿಯ ಚೊಚ್ಚಲ ಹೆರಿಗೆಯ ಮರಿಗಳನ್ನು ಬಿಟ್ಟುಬಿಡಿ.

ತೇಲುವುದಕ್ಕೆ ಕಾರಣ ಬಹುತೇಕ ಪಿಪೆಟ್. ಮರಿಯನ್ನು ಗಾಳಿಯಲ್ಲಿ ಹನಿಯಾಗಿ ಬೀಳಿಸಿದರೆ ಹೊರಚಿಪ್ಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ, ಆಮೇಲೆ ಅದು ಮೇಲ್ಮೈಯಿಂದ ಬಿಡಿಸಿಕೊಳ್ಳಲಾರದು. ಅಗಲ ಬಾಯಿಯ, ಅಂಚು ನಯವಾಗಿರುವ ಪಿಪೆಟ್ ಬಳಸಿ; ತುದಿಯನ್ನು ನೀರಿನೊಳಗೆ ಮುಳುಗಿಸಿ, ಮರಿ ತಾನಾಗಿ ಈಜಿಕೊಂಡು ಹೊರಬರುವಷ್ಟು ನಿಧಾನವಾಗಿ ಬಿಡಿ. ಐದು ಮರಿಗಳನ್ನು ಬಿಟ್ಟ ಮೇಲೆ ಪ್ರತಿ ಬೀಕರನ್ನೂ ಅಡ್ಡದಿಂದ ನೋಡಿ. ಯಾವುದಾದರೂ ತೇಲುತ್ತಿದ್ದರೆ ಆಗಲೇ ಬದಲಿಸಿ, ಮರುದಿನದವರೆಗೆ ಕಾಯಬೇಡಿ.

ಉತ್ತರ – ನೀರಿನ ವಿಶ್ಲೇಷಣೆ ಮಾಡುವ ರಸಾಯನಶಾಸ್ತ್ರಜ್ಞರು

ಸಾಕಣೆಯ ಬಗ್ಗೆ ಮೇಲೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಇಸಿ50 ಸುತ್ತಿನಿಂದ ಸುತ್ತಿಗೆ ಜಿಗಿಯುತ್ತಿದೆ ಎಂದಾಗ ನನ್ನ ಕಣ್ಣು ಮೊದಲು ನೀರಿನ ಮೇಲೆ ಬೀಳುತ್ತದೆ. ತಾಮ್ರದ ವಿಷತ್ವ ನೀರಿನ ಗಡಸುತನ, ಕ್ಷಾರೀಯತೆ, ಪಿಎಚ್ ಮತ್ತು ಕರಗಿರುವ ಸಾವಯವ ಇಂಗಾಲಕ್ಕೆ ತಕ್ಕಂತೆ ಬಹಳವೇ ಬದಲಾಗುತ್ತದೆ. ಜೀವಿಗೆ ಹೆಚ್ಚಾಗಿ ತಗಲುವುದು ಬಿಡಿಯಾಗಿರುವ ತಾಮ್ರದ ಅಯಾನು. ಗಡಸು ನೀರಿನ ಕ್ಯಾಲ್ಸಿಯಂ ಜೀವಿಯ ಮೈಗೆ ಅಂಟುವ ಜಾಗಕ್ಕಾಗಿ ಅದರ ಜೊತೆ ಪೈಪೋಟಿ ನಡೆಸುತ್ತದೆ, ಸಾವಯವ ವಸ್ತು ಅದನ್ನು ಕಟ್ಟಿಹಾಕುತ್ತದೆ.

ನಿಮ್ಮ ಜೀವಿಗಳು ಎಂ4 ಅಥವಾ ಎಂ7 ಎಂಬ ಸಾಕಣೆಯ ಮಾಧ್ಯಮದಲ್ಲಿವೆಯೇ? ಆ ಎರಡರಲ್ಲೂ ಲೋಹಗಳನ್ನು ಕಟ್ಟಿಹಾಕುವ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಸಾಕಲು ಅವು ಒಳ್ಳೆಯ ಮಾಧ್ಯಮಗಳೇ, ಲೋಹದ ಪರೀಕ್ಷೆಗೆ ಮಾತ್ರ ಸಲ್ಲುವುದಿಲ್ಲ. ಇಡಿಟಿಎ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡರೆ ನೀವು ಅಳೆಯುವುದು ಇಡಿಟಿಎಯ ಸಾಮರ್ಥ್ಯವನ್ನು, ತಾಮ್ರದ ವಿಷವನ್ನಲ್ಲ. ಪರೀಕ್ಷೆಗೆ ಐಎಸ್ಒ ನೀರನ್ನು, ಅಂದರೆ ಗೊತ್ತಾದ ಲವಣಗಳನ್ನಷ್ಟೇ ಹಾಕಿದ ಪ್ರಮಾಣಿತ ನೀರನ್ನು, ನೀವೇ ತಯಾರಿಸಿಕೊಳ್ಳಿ. ಒಂದು ಲೀಟರ್ ಶುದ್ಧ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 294 ಮಿ.ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 123.25 ಮಿ.ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 64.75 ಮಿ.ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 5.75 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಇದರ ಗಡಸುತನ ಲೀಟರಿಗೆ ಸುಮಾರು 250 ಮಿ.ಗ್ರಾಂ. ಬಳಸುವ ಮುನ್ನ ಚೆನ್ನಾಗಿ ಗಾಳಿ ಹಾಯಿಸಿ. ಪರೀಕ್ಷೆ ನಡೆಯುವಾಗ ಗಾಳಿ ಹಾಯಿಸುವಂತಿಲ್ಲ.

ಶುದ್ಧ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ವಿಚಾರಿಸಿ. ಹಳೆಯ ಬಟ್ಟಿ ಯಂತ್ರಗಳಲ್ಲಿ ತಾಮ್ರ ಅಥವಾ ಹಿತ್ತಾಳೆಯ ಭಾಗಗಳಿರಬಹುದು. ಡ್ಯಾಫ್ನಿಯಾಕ್ಕೆ ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರವೇ ಸಾಕಾಗಬಹುದು, ಆದ್ದರಿಂದ ಕಂಟ್ರೋಲ್ ನೀರಿನಲ್ಲೂ ತಾಮ್ರ ಅಳೆಯಲೇಬೇಕು. ಗಾಜಿನ ಸಾಮಾನನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಅಯಾನು ತೆಗೆದ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಿಮ್ಮ ಅಂಕಿ ತಾಮ್ರದ್ದೋ ಲವಣದ್ದೋ? ನೀಲಿ ಹರಳಿನ ತಾಮ್ರದ ಸಲ್ಫೇಟ್‌ನಲ್ಲಿ, ಅಂದರೆ ಪೆಂಟಾಹೈಡ್ರೇಟ್‌ನಲ್ಲಿ, ತಾಮ್ರ ಇರುವುದು ತೂಕದ ಶೇ 25.5ರಷ್ಟು ಮಾತ್ರ. ಲೀಟರಿಗೆ 100 ಮಿ.ಗ್ರಾಂ ತಾಮ್ರದ ಮೂಲದ್ರಾವಣ ಬೇಕಾದರೆ 393 ಮಿ.ಗ್ರಾಂ ಹರಳು ತೂಗಬೇಕು. ಇದನ್ನು ಸ್ಪಷ್ಟವಾಗಿ ಬರೆಯದಿದ್ದರೆ ಓದುವವರಿಗೆ ನಾಲ್ಕು ಪಟ್ಟು ವ್ಯತ್ಯಾಸ ಕಾಣುತ್ತದೆ.

ಆರಂಭದಲ್ಲೂ 48 ಗಂಟೆಯ ಕೊನೆಯಲ್ಲೂ ಕನಿಷ್ಠ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಸಾಂದ್ರತೆಗಳನ್ನು ಅಳೆಯಿರಿ. ಅವು ಉದ್ದೇಶಿಸಿದ ಸಾಂದ್ರತೆಯಿಂದ ಶೇ 20ಕ್ಕಿಂತ ಹೆಚ್ಚು ಆಚೀಚೆ ಹೋಗಿದ್ದರೆ ಅಳೆದ ಮೌಲ್ಯದ ಮೇಲೆಯೇ ಇಸಿ50 ಲೆಕ್ಕ ಹಾಕಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ತಾಯಂದಿರು ಎಂ4ನಲ್ಲಿವೆ, ಮರಿಗಳನ್ನು ಅಲ್ಲಿಂದ ನೇರವಾಗಿ ಪರೀಕ್ಷೆಯ ನೀರಿಗೆ ಬಿಡುತ್ತೇವೆ. ಇನ್ನೊಂದು ಸಂದೇಹ: ಕೆಲವು ಮರಿಗಳು ತಳದಲ್ಲಿ ಕುಳಿತು ಕುಡಿಮೀಸೆಯನ್ನು ಮಾತ್ರ ಅಲ್ಲಾಡಿಸುತ್ತವೆ. ಅವನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಉತ್ತರ – ನಿಯಂತ್ರಕ ಪರೀಕ್ಷೆಗಳನ್ನು ನಡೆಸುವ ತಂತ್ರಜ್ಞೆ

ನಿಶ್ಚಲದ ಲೆಕ್ಕಕ್ಕೆ. ಬೀಕರನ್ನು ಮೆಲ್ಲಗೆ ಅಲುಗಿಸಿದ ಮೇಲೆ 15 ಸೆಕೆಂಡಿನೊಳಗೆ ಈಜದ ಮರಿ ನಿಶ್ಚಲ, ಕುಡಿಮೀಸೆ ಆಡುತ್ತಿದ್ದರೂ ಸರಿ. ಸೂಕ್ಷ್ಮದರ್ಶಕದಲ್ಲಿ ಅದರ ಹೃದಯ ಮಿಡಿಯುವುದೂ ಕಾಣಬಹುದು, ಆದರೆ ಇಲ್ಲಿ ಕೇಳುತ್ತಿರುವುದು ಸಾವನ್ನಲ್ಲ, ಈಜುವ ಶಕ್ತಿಯನ್ನು. 24 ಮತ್ತು 48 ಗಂಟೆಗೆ ಎರಡು ಸಲ ಎಣಿಸಿ, ಎರಡೂ ಸಲ ಒಬ್ಬರೇ ಎಣಿಸಿ. ಬೀಕರಿನ ಮೇಲೆ ಸಾಂದ್ರತೆಯ ಬದಲು ಸಂಕೇತ ಮಾತ್ರ ಇರಲಿ. ಹೆಚ್ಚಿನ ಸಾಂದ್ರತೆ ಎಂದು ಗೊತ್ತಿದ್ದರೆ ಆ 15 ಸೆಕೆಂಡು ತಿಳಿಯದಂತೆಯೇ ಹತ್ತಕ್ಕೆ ಇಳಿಯುತ್ತದೆ. ಎಷ್ಟೇ ಪ್ರಾಮಾಣಿಕರಾದರೂ ಇದು ಆಗುತ್ತದೆ.

ಪೊರೆಯ ಬಗ್ಗೆಯೂ ಎಚ್ಚರಿಕೆ ಇರಲಿ. ಈ ವಯಸ್ಸಿನ ಮರಿಗಳು ಪರೀಕ್ಷೆಯ ಅವಧಿಯಲ್ಲೇ ಪೊರೆ ಕಳಚುತ್ತವೆ. ತಳದಲ್ಲಿ ಬಿದ್ದ ಖಾಲಿ ಪೊರೆಗೆ ಮರಿಯದೇ ಆಕಾರ, ಕುಡಿಮೀಸೆಯ ಕವಲುಗಳೂ ಹಾಗೆಯೇ ಉಳಿದಿರುತ್ತವೆ. ಬೀಕರಿನ ಕೆಳಗೆ ಕಪ್ಪು ಕಾಗದ ಇಟ್ಟು ಪಕ್ಕದಿಂದ ಬೆಳಕು ಬಿಟ್ಟರೆ ಪೊರೆ ಪಾರದರ್ಶಕವಾಗಿ ಕಾಣುತ್ತದೆ, ಕಪ್ಪು ಕಣ್ಣು ಇರುವುದಿಲ್ಲ. ಕಣ್ಣನ್ನು ಎಣಿಸಿ, ಮೈಯನ್ನಲ್ಲ.

ಎಂ4ನಿಂದ ನೇರವಾಗಿ ಬಿಡುವುದು ಬೇಡ. ಹೊಟ್ಟೆಯಲ್ಲಿ ಮರಿಯಿರುವ ತಾಯಂದಿರನ್ನು ಪರೀಕ್ಷೆಗೆ ಕನಿಷ್ಠ 48 ಗಂಟೆ ಮೊದಲೇ ಐಎಸ್ಒ ನೀರಿಗೆ, ಪರೀಕ್ಷೆಯ ಉಷ್ಣತೆಯಲ್ಲೇ, ವರ್ಗಾಯಿಸಿ. ಮರಿಗಳು ಅದೇ ನೀರಿನಲ್ಲಿ ಹುಟ್ಟಿದರೆ ದಿಢೀರ್ ಬದಲಾವಣೆ ತಪ್ಪುತ್ತದೆ, ಪಿಪೆಟ್ ಜೊತೆ ಇಡಿಟಿಎ ಸಾಗಿಬರುವುದೂ ತಪ್ಪುತ್ತದೆ. ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲಿಯಾದರೂ ಇರಲಿ, ಒಂದು ಪರೀಕ್ಷೆಯೊಳಗೆ ಒಂದು ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಬಾರದು. ಕೊನೆಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 3 ಮಿ.ಗ್ರಾಂಗಿಂತ ಕೆಳಗಿಳಿದಿದ್ದರೆ ಆ ಪರೀಕ್ಷೆಯೂ ಅಸಿಂಧು.

ಉತ್ತರ – ದತ್ತಾಂಶ ವಿಶ್ಲೇಷಣೆ ಮಾಡುವವರು

ತಾಮ್ರಕ್ಕೆ ಮರಳುವ ಮುನ್ನ ಪೊಟ್ಯಾಸಿಯಂ ಡೈಕ್ರೋಮೇಟ್ ಪರೀಕ್ಷೆ ಮಾಡಿ. 24 ಗಂಟೆಯ ಇಸಿ50 ಲೀಟರಿಗೆ 0.6ರಿಂದ 2.1 ಮಿ.ಗ್ರಾಂ ನಡುವೆ ಬಂದರೆ ನಿಮ್ಮ ಜೀವಿಗಳ ಸಂವೇದನೆ ಸರಿಯಾಗಿದೆ ಎಂದರ್ಥ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ಕೈಗವಸು ಹಾಕಿಕೊಳ್ಳಿ, ಪುಡಿ ತೂಗುವಾಗ ಉಸಿರಿಗೆ ಹೋಗದಂತೆ ನೋಡಿಕೊಳ್ಳಿ, ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಲೋಹತ್ಯಾಜ್ಯದ ಡಬ್ಬಿಗೆ ಹಾಕಿ. ತಾಮ್ರದ ದ್ರಾವಣಕ್ಕೂ ಅದೇ ಡಬ್ಬಿ.

ಸಾಂದ್ರತೆಗಳು ಕನಿಷ್ಠ ಐದು ಇರಲಿ, ಒಂದಕ್ಕೂ ಮುಂದಿನದಕ್ಕೂ 2.2 ಪಟ್ಟಿಗಿಂತ ಹೆಚ್ಚು ಅಂತರ ಬೇಡ. ಮೊದಲು ಹತ್ತು ಪಟ್ಟು ಅಂತರದ ಒರಟು ಪರೀಕ್ಷೆ ಮಾಡಿ ವ್ಯಾಪ್ತಿ ಕಂಡುಕೊಂಡರೆ, ಮುಖ್ಯ ಪರೀಕ್ಷೆಗೆ ಲೀಟರಿಗೆ 10, 20, 40, 80, 160 ಮೈಕ್ರೋಗ್ರಾಂ ಎಂಬಂಥ ಸರಣಿ ಹೊಂದಿಸಬಹುದು. ಮಧ್ಯದ ಎರಡು ಮೂರು ಸಾಂದ್ರತೆಗಳಲ್ಲಿ ಮರಿಗಳು ಭಾಗಶಃ ನಿಶ್ಚಲವಾದರೆ ಮಾತ್ರ ಪ್ರೋಬಿಟ್ ವಿಶ್ಲೇಷಣೆಗೆ, ಅಂದರೆ ಇಸಿ50 ಕಂಡುಹಿಡಿಯುವ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ, ಅರ್ಥ ಇರುತ್ತದೆ. 40ರಲ್ಲಿ ಒಂದೂ ನಿಲ್ಲದೆ 80ರಲ್ಲಿ ಎಲ್ಲವೂ ನಿಂತರೆ ತಂತ್ರಾಂಶ ಏನಾದರೂ ಒಂದು ಅಂಕಿ ಕೊಟ್ಟೀತು, ನಂಬಬೇಡಿ. ಆ ಎರಡರ ಗುಣೋತ್ತರ ಸರಾಸರಿ 57 ಅನ್ನು ಅಂದಾಜು ಎಂದೇ ಬರೆಯಿರಿ.

ಉತ್ತರ – ತೊರೆಗಳ ಕೀಟಗಳನ್ನು ಅಧ್ಯಯನ ಮಾಡುವವರು

ಪ್ರಬಂಧದ ಶೀರ್ಷಿಕೆಯಲ್ಲಿ "ಸಿಹಿನೀರಿನ ಅಕಶೇರುಕಗಳು" ಎಂದಿದ್ದು ಪರೀಕ್ಷೆ ಮಾತ್ರ ಡ್ಯಾಫ್ನಿಯಾ ಮೇಲೆ ಆದರೆ, ಶೀರ್ಷಿಕೆಯನ್ನು ಕಿರಿದು ಮಾಡಿ ಅಥವಾ ಇನ್ನೊಂದು ಜೀವಿ ಸೇರಿಸಿ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವನ್ನು ನೋಡಿ. ಡ್ಯಾಫ್ನಿಯಾ ಮ್ಯಾಗ್ನಾವನ್ನು 48 ಗಂಟೆಯಲ್ಲಿ ನಿಲ್ಲಿಸಲು ಅದು ಲೀಟರಿಗೆ ಹತ್ತಾರು ಮಿಲಿಗ್ರಾಂ ಬೇಕು. ಮೇಫ್ಲೈ ಕೀಟದ ಮರಿಗಳಿಗೂ, ಸೊಳ್ಳೆಯನ್ನು ಹೋಲುವ ಆದರೆ ಕಚ್ಚದ ಕೈರೊನೊಮಸ್ ಕೀಟದ ಮರಿಗಳಿಗೂ ಮೈಕ್ರೋಗ್ರಾಂ ಮಟ್ಟವೇ ಸಾಕು. ಡ್ಯಾಫ್ನಿಯಾ ಒಂದನ್ನೇ ನಂಬಿದ್ದರೆ ತೊರೆಯ ಕೀಟಗಳ ಪಾಲಿಗೆ ಅದು ನಿರುಪದ್ರವಿ ಎಂಬ ತೀರ್ಮಾನಕ್ಕೆ ಬರುತ್ತಿದ್ದೆವು. ಕೈರೊನೊಮಸ್‌ನ ಮೊದಲ ಹಂತದ ಮರಿಗಳಿಗೆ 48 ಗಂಟೆಯ ವಿಧಾನ 2011ರಿಂದ ಇದೆ, ಓಇಸಿಡಿ 235. ಸಾಕುವುದೂ ಕಷ್ಟವಲ್ಲ.

ಉತ್ತರ – ಜೀವಿ ಸಾಕಣೆಯ ಹೊಣೆ ಹೊತ್ತವರು

ಡೈಕ್ರೋಮೇಟ್ ಬೇಕು, ಆದರೆ ಈಗಲೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಕಂಟ್ರೋಲ್ ಸರಿಹೋಗುವವರೆಗೆ ಬೇರೆ ಯಾವ ವಿಷವನ್ನೂ ತರಬೇಡಿ. ಒಂದು ವಿಷಯ ಕೇಳಬೇಕಿತ್ತು: ಆ ಮೂರು ಮರಿಗಳು ಒಂದೇ ಬೀಕರಿನಲ್ಲಿದ್ದವೇ, ಬೇರೆ ಬೇರೆಯಲ್ಲೇ?

ಪ್ರಶ್ನೆ ಕೇಳಿದವರು

ಬೇರೆ ಬೇರೆ ಬೀಕರುಗಳಲ್ಲಿ. ಪ್ರತಿ ಸುತ್ತಿನಲ್ಲೂ ಹೀಗೇ ಚದುರಿರುತ್ತವೆ.

ಉತ್ತರ – ಜೀವಿ ಸಾಕಣೆಯ ಹೊಣೆ ಹೊತ್ತವರು

ಹಾಗಿದ್ದರೆ ಗಾಜಿನ ಕೊಳೆಯ ಮೇಲಿನ ಅನುಮಾನ ಕಡಿಮೆಯಾಯಿತು. ಕೊಳೆಯಾಗಿದ್ದರೆ ಅದು ಸಾಮಾನ್ಯವಾಗಿ ಒಂದೆರಡು ಬೀಕರುಗಳಲ್ಲೇ ಗುಂಪಾಗಿ ಕಾಣಿಸುತ್ತಿತ್ತು. ಉಳಿದದ್ದು ನೀರು, ತಾಯಂದಿರ ಆರೋಗ್ಯ, ಮರಿಗಳನ್ನು ಬಿಡುವ ಕೈ. ಒಂದೇ ದಿನ ಹುಟ್ಟಿದ ಮರಿಗಳನ್ನು ಮೂರು ಗುಂಪು ಮಾಡಿ. ಒಂದು ಗುಂಪು ಎಂ4ನಲ್ಲೇ ಇರಲಿ. ಎರಡನೆಯದು ಎಂ4ನಿಂದ ನೇರವಾಗಿ ಐಎಸ್ಒ ನೀರಿಗೆ ಹೋಗಲಿ. ಮೂರನೆಯದಕ್ಕೆ, ಐಎಸ್ಒ ನೀರಿನಲ್ಲಿ 48 ಗಂಟೆ ಇದ್ದ ತಾಯಂದಿರ ಮರಿಗಳನ್ನು ಅದೇ ನೀರಿನಲ್ಲಿ ಇಡಿ. ಪ್ರತಿ ಗುಂಪಿನಲ್ಲೂ 20 ಮರಿಗಳು, ನಾಲ್ಕು ಬೀಕರುಗಳಲ್ಲಿ ಐದೈದು, ಒಂದು ಮರಿಗೆ ಕನಿಷ್ಠ 2 ಮಿ.ಲೀ. ನೀರು. ಎರಡನೆಯ ಗುಂಪು ಮಾತ್ರ ಕೆಟ್ಟರೆ ವರ್ಗಾವಣೆಯ ಆಘಾತ. ಎರಡು, ಮೂರು ಎರಡೂ ಕೆಟ್ಟರೆ ಐಎಸ್ಒ ನೀರನ್ನು ತಾಮ್ರದ ಅಳತೆಗೆ ಕಳುಹಿಸಿ. ಮೂರೂ ಕೆಟ್ಟರೆ ಪಿಪೆಟ್ ಬದಲಿಸಿ, ಬೇರೊಬ್ಬರ ಕೈಯಲ್ಲಿ ಮರಿಗಳನ್ನು ಬಿಡಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ತೊಟ್ಟಿಯನ್ನು ಖಾಲಿ ಮಾಡಿ, ನಂಬಿಕೆಯ ಪ್ರಯೋಗಾಲಯದಿಂದ ಹೊಸ ತಾಯಂದಿರನ್ನು ತರಿಸಿಕೊಳ್ಳಿ. ಮೂರು ಗುಂಪುಗಳ ಎಣಿಕೆ ಬಂದ ಕೂಡಲೇ ಇಲ್ಲಿ ಬರೆಯಿರಿ, ಮುಂದಿನದನ್ನು ಒಟ್ಟಿಗೆ ಯೋಚಿಸೋಣ.